ಅವಳು ಜೋಡಿಸಿದ ಹಾಡು

"ಅದನ್ನ ಮುಟ್ಟಬೇಡಿ."

ಅವನು ಅವಳಿಗೆ ಹೇಳಿದ ಮೊದಲ ಮಾತು ಇದು. ಅವಳಿನ್ನೂ ಹೆಗಲ ಬ್ಯಾಗು ಇಳಿಸಿರಲಿಲ್ಲ. ಕೈ ಮಾತ್ರ ಆಗಲೇ ಮೌಸ್ ಮೇಲಿತ್ತು.

ಪರದೆಯ ತುಂಬ ಒಂದೇ ಹಾಡಿನ ಫೈಲುಗಳು. ಫೈನಲ್, ಹೊಸ ಫೈನಲ್, ನಿಜವಾದ ಫೈನಲ್, ದೇವರಾಣೆ ಫೈನಲ್...

"ಇದರಲ್ಲಿ ಯಾವುದು ಫೈನಲ್ ಸರ್?"

"ಯಾವುದೂ ಅಲ್ಲ," ಎಂದ ಸಂಗೀತ ನಿರ್ದೇಶಕ, ಬಹಳ ಗಂಭೀರವಾಗಿ.

ಬಾಗಿಲಲ್ಲಿ ನಿಂತಿದ್ದ ಅವನ ಅಕ್ಕ ನಕ್ಕಳು. ಸ್ಟುಡಿಯೋ ನಡೆಸುತ್ತಿದ್ದವಳು ಅವಳೇ, ಫೈಲುಗಳನ್ನು ಜೋಡಿಸಿಡುವ ಕೆಲಸಕ್ಕೆ ಈ ಹುಡುಗಿಯನ್ನು ಕರೆದವಳೂ ಅವಳೇ.

"ಸಿನಿಮಾದವರು ಒಂದೇ ಹಾಡನ್ನ ಮೂರು ಥರ ಕೇಳಿದ್ದಾರೆ ಕಣಮ್ಮ. ಯುಗಳಗೀತೆ ಒಂದು, ಬರೀ ಹೆಣ್ಣುದನಿ ಒಂದು, ಬರೀ ವಾದ್ಯ ಒಂದು. ಇವನ ಕೈಲಿ ಬಿಟ್ರೆ ಮೂರೂ ಸೇರಿ ಕಲಸುಮೇಲೋಗರ."

"ಅಕ್ಕಾ, ನಾನಿಲ್ಲೇ ಇದ್ದೀನಿ."

"ಅದಕ್ಕೇ ಹೇಳ್ತಿರೋದು."

ಅವಳು ಪ್ರತಿ ಫೈಲನ್ನೂ ಪೂರ್ತಿ ಕೇಳಿಯೇ ಹೆಸರಿಟ್ಟಳು. ಯಾವ ರೂಪ, ಯಾವ ವೇಗ, ಯಾವ ದಿನ... ಡ್ರಮ್ಮುಗಳಿಗೆ ಕೆಂಪು, ತಂತಿವಾದ್ಯಗಳಿಗೆ ಹಸಿರು, ದನಿಗಳಿಗೆ ಹಳದಿ. ಸಂಜೆ ಹೊರಡುವ ಮುಂಚೆ ಎಲ್ಲದರ ನಕಲು ಇನ್ನೊಂದು ಡಿಸ್ಕಿಗೆ.

"ಕಪಾಟು ಮೇಡಂ," ಎಂದು ಅವನು ಕಾಡಿಸುತ್ತಿದ್ದ. "ನನ್ನನ್ನೂ ಯಾವುದಾದ್ರೂ ಫೋಲ್ಡರಿಗೆ ಹಾಕಿಬಿಡಿ."

"ನೀವು ಯಾವುದರಲ್ಲೂ ಹಿಡಿಸಲ್ಲ ಸರ್."

ಒಂದು ಮಧ್ಯಾಹ್ನ ಅವನು ಹೆಡ್‌ಫೋನನ್ನು ಅವಳತ್ತ ಚಾಚಿದ. "ಪಲ್ಲವಿಗೆ ಯಾವ ಟೇಕ್ ಇಡೋಣ?"

"ಎರಡನೇದು. ಗಾಯಕಿ ಹಾಡೋಕೆ ಮುಂಚೆ ಉಸಿರು ತಗೊಳ್ಳೋದು ಅದರಲ್ಲಿ ಕೇಳುತ್ತೆ. ಅದನ್ನ ಕತ್ತರಿಸಬೇಡಿ."

ಅವನು ಕಣ್ಣು ಮುಚ್ಚಿ ಕೇಳಿದ. ಕತ್ತರಿಸಲಿಲ್ಲ.

ಆ ದಿನ ಅವಳು ಬಸ್ಸು ಹತ್ತದೆ ಮನೆಗೆ ನಡೆದೇ ಹೋದಳು. ಇಷ್ಟೊಂದು ಹೆಮ್ಮೆ ಇಟ್ಟುಕೊಂಡು ಸುಮ್ಮನೆ ಕೂರುವುದು ಹೇಗೆ?

ಬರೀ ಹೆಮ್ಮೆಯಾ... ಎಂದಿತು ಮನಸ್ಸು. ಅವಳು ಕೇಳಿಸದವಳಂತೆ ನಡೆದಳು.

ಹಾಡು ಕೇಳಿಸುವ ದಿನ ಬಂತು. ಸಿನಿಮಾ ನಿರ್ದೇಶಕರು, ಗಾಯಕಿ, ಅಕ್ಕ ಸೋಫಾದ ಮೇಲೆ ಕೂತರು. ಅವಳು ಹೆಣ್ಣುದನಿಯ ರೂಪವನ್ನು ತೆರೆದಳು. ಡ್ರಮ್ಮು ಬಂತು, ತಂತಿ ಬಂತು... ದನಿ ಬರಲಿಲ್ಲ. ಹಳದಿ ಗೆರೆಗಳೆಲ್ಲ ಖಾಲಿ.

"ನಾನೆಲ್ಲಿ ಇದರಲ್ಲಿ?" ಎಂದಳು ಗಾಯಕಿ.

ಅವನ ಮುಖ ಬಿಳಿಚಿಕೊಂಡಿತು. "ಫೈಲುಗಳ ಜವಾಬ್ದಾರಿ ಇವರದ್ದು. ಇವರನ್ನೇ ಕೇಳಿ."

ಇವರನ್ನೇ ಕೇಳಿ... ಎಷ್ಟು ಸಲೀಸಾಗಿ ಕೈ ತೊಳೆದುಕೊಂಡ!

ಅವಳು ನಕಲಿನ ಡಿಸ್ಕನ್ನು ಜೋಡಿಸಿದಳು. ಹಳದಿ ಗೆರೆಗಳು ಮತ್ತೆ ತುಂಬಿದವು. ಮೊದಲು ಆ ಉಸಿರು, ಆಮೇಲೆ ದನಿ. ನಿರ್ದೇಶಕರು ತಲೆದೂಗಿದರು.

ಹಾಡು ಮುಗಿಯುವವರೆಗೂ ನಿಂತಿದ್ದು, ಅವಳು ಬ್ಯಾಗು ಎತ್ತಿಕೊಂಡಳು.

"ದನಿಗಳಿದ್ದ ಫೋಲ್ಡರನ್ನ ಯಾರೋ ಅಳಿಸಿದ್ದಾರೆ. ನಾನಲ್ಲ. ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲದ ಕಡೆ ನಾನಿರಲ್ಲ ಸರ್."

ಬಾಗಿಲು ಮುಚ್ಚಿತು. ಅಕ್ಕ ತಮ್ಮನ ಕಡೆ ತಿರುಗಿದಳು.

"ಬೆಳಿಗ್ಗೆ ಏನೋ ಅಳಿಸ್ತಾ ಕೂತಿದ್ಯಲ್ಲ, ಏನದು?"

"ಹಳೇ ಫೋಲ್ಡರ್. ಅವಳು ಬರೋಷ್ಟರಲ್ಲಿ ಎಲ್ಲ ಚೊಕ್ಕಟವಾಗಿರಲಿ, ಖುಷಿಪಡ್ತಾಳೆ ಅಂತ..."

ಆಗ ಅವನಿಗೆ ಹೊಳೆಯಿತು. ಹೊಸ ರೂಪಗಳೆಲ್ಲ ದನಿಯನ್ನು ತೆಗೆದುಕೊಳ್ಳುತ್ತಿದ್ದದ್ದು ಆ ಹಳೇ ಫೋಲ್ಡರಿನಿಂದಲೇ.

"ಭೇಷ್," ಎಂದಳು ಅಕ್ಕ. "ಪ್ರೀತಿ ತೋರಿಸೋಕೆ ಡಿಲೀಟ್ ಒತ್ತೋನು ನೀನೊಬ್ಬನೇ ಇರಬೇಕು."

ಸಂಜೆ ಅವಳು ಅಣ್ಣನ ಸ್ಕೂಟರ್ ರಿಪೇರಿ ಅಂಗಡಿಯಲ್ಲಿ ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದಳು. ಸಿಟ್ಟು ಬಂದರೆ ಅವಳು ಹಾಗೇ. ಅಕ್ಕನಿಂದ ವಿಳಾಸ ಕೇಳಿಕೊಂಡು ಅವನು ಬಂದು ಎದುರಿಗೆ ನಿಂತ.

"ಅಳಿಸಿದ್ದು ನಾನೇ. ತಪ್ಪು ನನ್ನದು."

"ನನಗೊಬ್ಬಳಿಗೆ ಹೇಳಿದ್ರೆ ಸಾಲದು. ಬೆರಳು ತೋರಿಸಿದ್ದು ಅಷ್ಟೂ ಜನರ ಎದುರಿಗೆ."

"ಅಷ್ಟೂ ಜನಕ್ಕೆ ಹೇಳಿಯೇ ಬಂದೆ. ಹಾಡು ಉಳಿದಿದ್ದು ನಿಮ್ಮಿಂದ, ಅದರ ಜೊತೆ ನಿಮ್ಮ ಹೆಸರೂ ಬರಬೇಕು ಅಂದೆ. ಒಪ್ಪಿದ್ರು."

ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಕಣ್ಣು ತುಂಬಿದ್ದನ್ನು ಅವನಿಗೆ ತೋರಿಸಲಿಲ್ಲ.

"ಸರಿ. ನಾಳೆ ಬರ್ತೀನಿ."

"ಕೆಲಸಕ್ಕೆ ಕರೆಯೋಕಾದ್ರೆ ಅಕ್ಕನ ಒಂದು ಫೋನು ಸಾಕಿತ್ತು. ನಾನು ಬಂದಿದ್ದು ಬೇರೆ ಮಾತಿಗೆ..."

ಸ್ಕೂಟರಿನ ಹಿಂದಿನಿಂದ ಅಣ್ಣನ ತಲೆ ಮೇಲೆದ್ದಿತು. "ಆ ಮಾತು ಸ್ವಲ್ಪ ಬೇಗ ಆಡಿ ಸಾರ್. ಅಂಗಡಿ ಮುಚ್ಚಬೇಕು."

"ಅಣ್ಣಾ, ಸುಮ್ನಿರು."

ಅವನು ಒಂದು ಹೆಜ್ಜೆ ಮುಂದೆ ಬಂದ. "ನೀವು ಎದ್ದು ಹೋದಾಗ, ಹಾಡು ಉಳೀತು ಅಂತ ಖುಷಿಯೇ ಆಗ್ಲಿಲ್ಲ ನನಗೆ. ಆವಾಗ ಗೊತ್ತಾಯ್ತು. ನೀವಂದ್ರೆ ನನಗೆ ಪ್ರೀತಿ."

ಅವಳು ಕೈಯಲ್ಲಿದ್ದ ಸ್ಪ್ಯಾನರನ್ನು ಅದರ ಜಾಗದಲ್ಲಿಟ್ಟಳು.

"ನನ್ನ ಕೆಲಸ ನನಗೆ ದೊಡ್ಡದು. ಮದುವೆ ಆದ್ಮೇಲೂ."

"ಮದುವೆ... ಅಂದ್ರಾ?"

ಅವಳ ಕಿವಿ ಕೆಂಪಾಯಿತು. ಆದರೂ ತಲೆ ತಗ್ಗಿಸಲಿಲ್ಲ.

"ಅಂದೆ. ಅಂದಿದ್ದನ್ನ ನಾನು ವಾಪಸ್ ತಗೊಳ್ಳಲ್ಲ."

"ತಗೋಬೇಡಿ," ಎಂದ ಅವನು, ಬಲು ಮೆಲ್ಲಗೆ.