ಅಳಿಸಿದ ‘ಬಾ’

‘ಹೋಗು’ ಎಂದು ಬರೆಯಲೇ? ಛೇ... ತೊಲಗು ಎಂದಂತಿದೆ. ಯಾವ ತಾಯಿ ಮಗಳಿಗೆ ಹಾಗೆ ಹೇಳುತ್ತಾಳೆ? ‘ಹೋಗಿ ಬಾ’ ಎಂದರೆ? ಹೌದು, ಅದೇ ಸರಿ. ಆದರೆ... ಆ ತಾಯಿ ನಿಜವಾಗಿ ಹಾಗೆ ಹೇಳಿದಳೇ?

ಸುಮೈರಾಳ ಬೆರಳು ಕೀಬೋರ್ಡಿನ ಮೇಲೆ ತಡೆದು ನಿಂತಿತ್ತು. ಪರದೆಯ ಮೇಲೆ ವೃದ್ಧೆಯೊಬ್ಬರ ಮುಖ ಸ್ತಬ್ಧವಾಗಿತ್ತು. ಅವರು ಲೂನಾ. ನಾಜಿಗಳು ಯಹೂದಿಗಳನ್ನು ಊರೂರು ಹುಡುಕಿ ಒಯ್ದು ಕೊಲ್ಲುತ್ತಿದ್ದ ಕಾಲದಲ್ಲಿ, ಏಳು ವರ್ಷದ ಲೂನಾರನ್ನು ಅವರ ತಾಯಿ ಪರಿಚಯವೇ ಇಲ್ಲದ ಹೆಂಗಸೊಬ್ಬಳ ಕೈಗೊಪ್ಪಿಸಿ ಬೆಟ್ಟದಾಚೆಯ ಅಲ್ಬೇನಿಯಾಕ್ಕೆ ಕಳಿಸಿದ್ದಳು. ಕಳಿಸುವಾಗ ಆಡಿದ್ದು ಒಂದೇ ಮಾತು. ಲೂನಾ ಅದನ್ನು ಕ್ಯಾಮೆರಾ ಮುಂದೆ ಇಂಗ್ಲಿಷಿನಲ್ಲಿ ಹೇಳಿದ್ದರು. “ಗೋ.”

ಸುಮೈರಾ ಗಟ್ಟಿ ಮನಸ್ಸು ಮಾಡಿ ಟೈಪ್ ಮಾಡಿದಳು: ಹೋಗಿ ಬಾ, ಕಂದಾ.

“ಆ ‘ಬಾ’ ಎಲ್ಲಿಂದ ಬಂತು?”

ಬೆನ್ನ ಹಿಂದಿನಿಂದ ಬಂದ ದನಿಗೆ ಅವಳು ಬೆಚ್ಚಿಬಿದ್ದಳು! ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡ ಸಣಕಲು ಯುವಕ. ಎರಡೂ ಕೈಯಲ್ಲಿ ಕಾಫಿ ಕಪ್ಪು.

“‘ಕಂದಾ’ನೂ ಇಲ್ಲ ಅಲ್ಲಿ. ಅವರು ಹೇಳಿದ್ದು ಒಂದೇ ಪದ,” ಎಂದ.

“ನೀವ್ಯಾರು?”

“ತೌಸಿಫ್. ಈ ವಿಡಿಯೋ ಎಡಿಟ್ ಮಾಡ್ತಿರೋನು. ‘ಗೋ’ ಅಂದಮೇಲೆ ಅವರು ತುಂಬ ಹೊತ್ತು ಸುಮ್ಮನಿರ್ತಾರೆ. ಕಟ್ ಮಾಡು ಅಂತ ಎಲ್ಲರೂ ಹೇಳಿದ್ರು. ನಾನು ಮಾಡಿಲ್ಲ. ನಿಮ್ಮ ‘ಬಾ’ ಆ ಮೌನದ ಮೇಲೆ ಹೋಗಿ ಕೂತಿದೆ.”

“ರೀ, ನಿಮ್ಮನೇಲಿ ಯಾರಾದ್ರೂ ಹೊರಟು ನಿಂತರೆ ಬರೀ ‘ಹೋಗು’ ಅಂತಾರಾ? ದಖ್ಖನಿಯಲ್ಲೂ ‘ಜಾಕೆ ಆತೂಂ’, ಹೋಗಿ ಬರ್ತೀನಿ ಅಂತಾನೇ ಅಲ್ವಾ? ಬರೀ ‘ಹೋಗ್ತೀನಿ’ ಅಂದ್ರೆ ನಮ್ಮ ಅಮ್ಮಿ ಚಪ್ಪಲಿ ಕೈಗೆ ತಗೋತಾರೆ!”

“ಇದು ನಿಮ್ಮ ಅಮ್ಮಿಯ ಸಬ್‌ಟೈಟಲ್ ಅಲ್ಲ.”

ಎಷ್ಟು ಸೊಕ್ಕು! ಎಂದುಕೊಂಡಳು ಸುಮೈರಾ. ಅಷ್ಟರಲ್ಲಿ ಅವನು ಒಂದು ಕಪ್ಪನ್ನು ಅವಳ ಪಕ್ಕದಲ್ಲಿಟ್ಟ.

“ಸಕ್ಕರೆ ಹಾಕಿಲ್ಲ.”

“ಮಾತಿಗೂ ಹಾಕಿಲ್ಲ,” ಎಂದಳು.

ಅವನು ನಗಲಿಲ್ಲ. ಆದರೆ ಹೋಗುವಾಗ ಬಾಗಿಲ ಬಳಿ ಅವನ ಭುಜ ಸಣ್ಣಗೆ ಅಲುಗಿದ್ದನ್ನು ಅವಳು ನೋಡಿದಳು.

ಅದು ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿದ್ದ ಒಂದು ಪುಟ್ಟ ಸಂಸ್ಥೆ. ಹೋಲೋಕಾಸ್ಟಿನಲ್ಲಿ ಬದುಕುಳಿದವರ, ಅವರನ್ನು ಬಚ್ಚಿಟ್ಟು ಕಾಪಾಡಿದವರ ನೆನಪುಗಳನ್ನು ವಿಡಿಯೋದಲ್ಲಿ ಹಿಡಿದಿಡುವುದೇ ಅಲ್ಲಿನ ಕೆಲಸ. ಹೇಳುವವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದರು. ಕೇಳಬೇಕಾದ ಮಕ್ಕಳು ಶಾಲೆಯಲ್ಲಿ ಒಂದು ಪಾಠ ಓದಿ ಮರೆಯುತ್ತಿದ್ದರು. ಮನೆಯಲ್ಲಿ ಅಜ್ಜಿ ತಾತಂದಿರ ಪಕ್ಕ ಕೂತು ನೋಡಿದರೆ ಮರೆಯಲಿಕ್ಕಿಲ್ಲವೆಂದು, ಸುತ್ತಮುತ್ತಲ ಮಕ್ಕಳ ಮನೆಮಾತುಗಳಲ್ಲೆಲ್ಲ ಸಬ್‌ಟೈಟಲ್ ಹಾಕಿಸುತ್ತಿದ್ದರು. ಬಿಡುವಿನ ವೇಳೆಯ ಸೇವೆಯಾಗಿ ಕನ್ನಡ ಸುಮೈರಾಳ ಪಾಲಿಗೆ ಬಂದಿತ್ತು.

ಅವಳು ಮೈಸೂರಿನವಳು. ಪಕ್ಕದ ರಾಜ್ಯದ ಸ್ಟರ್ಲಿಂಗ್‌ನಲ್ಲಿ ಅಕ್ಕ ಶಾಕಿರಾಳ ಮನೆಯಲ್ಲಿದ್ದುಕೊಂಡು ಡೇಟಾ ಸೆಂಟರಿನ ಕೆಲಸಕ್ಕೆ ಹೋಗುತ್ತಿದ್ದಳು. ತೌಸಿಫ್ ಬೆಂಗಳೂರಿನವನು, ಇತಿಹಾಸದಲ್ಲಿ ಮಾಸ್ಟರ್ಸ್ ಮುಗಿಸಿ ಈ ಸಂಸ್ಥೆಗೆ ಸೇರಿದ್ದ. ಇಬ್ಬರ ಮನೆಯಲ್ಲೂ ದಖ್ಖನಿ ಉರ್ದುವೇ. ಆದರೆ ಮೊದಲ ಜಗಳ ಕನ್ನಡದಲ್ಲಿ ಆಗಿಬಿಟ್ಟಿದ್ದರಿಂದ ಆಮೇಲಿನದೆಲ್ಲವೂ ಕನ್ನಡದಲ್ಲೇ ಆಯಿತು.

ಶನಿವಾರಗಳಂದು ಇಬ್ಬರೂ ಲೂನಾರ ಅಪಾರ್ಟ್‌ಮೆಂಟಿಗೆ ಹೋಗಿ ಅನುಮಾನವಿದ್ದ ಮಾತುಗಳನ್ನು ಕೇಳಿ ಬರುತ್ತಿದ್ದರು. ಸುಮೈರಾ ಅವರನ್ನು ‘ಅಜ್ಜಿ’ ಎಂದೇ ಕರೆದಳು. ಅರ್ಥ ಕೇಳಿಕೊಂಡ ಮೇಲೆ ಲೂನಾ ಬೇರೆ ಹೆಸರಿಗೆ ಓಗೊಡುವುದನ್ನೇ ಬಿಟ್ಟರು!

ಅಜ್ಜಿ ಪಾಲಕ್ ತುಂಬಿದ ಬುರೇಕ್ ಮಾಡಿಡುತ್ತಿದ್ದರು.

“ನಮ್ಮ ಬೇಕರಿ ಪಫ್ಸ್ ಥರಾನೇ ಇದೆ,” ಎಂದ ತೌಸಿಫ್ ಒಂದು ದಿನ.

“ಅಬ್ಬಾ! ನಿಮಗೆ ಬಾಯಿ ಇದೆ ಅಂತ ಗೊತ್ತಾಗೋದು ತಿನ್ನುವಾಗ ಮಾತ್ರ.”

“ನಿನಗೆ ಕಿವಿ ಇದೆ ಅಂತ ಗೊತ್ತಾಗಿದ್ದು ಇವತ್ತೇ.”

ನಿನಗೆ... ಅವನು ‘ನಿನಗೆ’ ಎಂದಿದ್ದ! ಹೇಳಿದ ಮೇಲೆ ಅವನಿಗೇ ಗೊತ್ತಾಗಿ ಕಿವಿ ಕೆಂಪಾಯಿತು. ಸುಮೈರಾ ಬುರೇಕಿನ ಪುಡಿಯನ್ನು ತಟ್ಟೆಯ ಒಂದು ಮೂಲೆಗೆ ಸೇರಿಸುತ್ತ ಕೂತಳು. ಎದೆ ಹೊಡೆದುಕೊಳ್ಳುವ ಸದ್ದು ಅಜ್ಜಿಗೆ ಕೇಳದಿರಲಿ ಎಂದು ಬೇಡಿಕೊಂಡಳು.

ಆದರೆ ‘ಹೋಗಿ ಬಾ’ ಜಗಳ ಮಾತ್ರ ಮುಗಿಯಲಿಲ್ಲ.

“ಅನುವಾದ ಮಾಡೋಳು ನೀನು. ನಿನ್ನ ಪದ ನಾನು ಮುಟ್ಟಲ್ಲ,” ಎಂದಿದ್ದ. “ಆದರೆ ಅದು ತಪ್ಪು.”

ಅಷ್ಟು ಹೊತ್ತಿಗೆ ಸ್ಟರ್ಲಿಂಗ್‌ನ ಕಾಂಟ್ರಾಕ್ಟ್ ನಿಂತುಹೋಯಿತು. ವೀಸಾ ಉಳಿಯಬೇಕಾದರೆ ಬೇಗ ಇನ್ನೊಂದು ಕೆಲಸ ಹಿಡಿಯಬೇಕು. ಸಿಕ್ಕಿದ್ದು ಒಂದೇ, ಕಾರಿನಲ್ಲಿ ಐದು ಗಂಟೆ ದೂರದ ನಾರ್ತ್ ಕ್ಯಾರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ.

ಅಜ್ಜಿಯ ಮನೆಯ ಪಾರ್ಕಿಂಗ್ ಲಾಟ್. ಕಾರಿನ ಬಾಗಿಲು ಹಿಡಿದು ಅವಳು ನಿಂತಿದ್ದಳು.

“ಇಲ್ಲೇ ಇನ್ನೆರಡು ಕಡೆ ಅಪ್ಲೈ ಮಾಡಿದೀನಿ, ತೌಸಿಫ್. ಯಾರಾದ್ರೂ ಒಂದು ಮಾತು ಹೇಳಿದ್ರೆ... ಆ ಆಫರ್ ಬಿಟ್ಟು ಕಾಯ್ತೀನಿ.”

“ಇಲ್ಲಿ ಸಿಗದೇ ಹೋದ್ರೆ?”

“ಮೈಸೂರಿಗೆ ವಾಪಸ್.”

ಅವನು ಬಹಳ ಹೊತ್ತು ಮಾತಾಡಲಿಲ್ಲ. ಅವನ ಮೌನಗಳನ್ನು ಓದಲು ಕಲಿತಿದ್ದೇನೆ ಎಂದುಕೊಂಡಿದ್ದಳು. ಇದನ್ನು ಓದಲಾಗಲಿಲ್ಲ. ಹೇಳೋ... ಒಂದೇ ಒಂದು ಸಲ ಹೇಳು... ಇರು ಅನ್ನು...

“ಹೋಗು,” ಎಂದ ತೌಸಿಫ್.

ಅವಳು ಉಳಿದರ್ಧ ಮಾತಿಗಾಗಿ ಕಾದಳು. ಅವನು ಕೈಯಲ್ಲಿದ್ದ ಬೀಗದ ಕೈಯನ್ನೇ ನೋಡುತ್ತಿದ್ದ.

“ಅಷ್ಟೇನಾ?”

ಅವಳು ಕಾರು ಹತ್ತಿದಳು.

ಹೊಸ ಊರಿನಲ್ಲಿ ಪೈನ್ ಮರಗಳ ನಡುವಿನ ಆಫೀಸು, ಒಂಟಿ ಅಪಾರ್ಟ್‌ಮೆಂಟು. ತೌಸಿಫ್ ಫೋನ್ ಮಾಡಲಿಲ್ಲ. ಇವಳೂ ಮಾಡಲಿಲ್ಲ. ಬೇಡ ಎಂದವನ ಬಾಗಿಲು ಎಷ್ಟು ಸಲ ತಟ್ಟುವುದು? ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆದರೂ ಅಂಗಡಿಯಲ್ಲಿ ಯಾರದೋ ಕುತ್ತಿಗೆಯಲ್ಲಿ ಹೆಡ್‌ಫೋನ್ ಕಂಡರೆ ತಿರುಗಿ ನೋಡುತ್ತಿದ್ದಳು. ಕಾಫಿಗೆ ಸಕ್ಕರೆ ಹಾಕುವುದನ್ನು ಯಾವಾಗ ಬಿಟ್ಟಳೋ ಅವಳಿಗೇ ತಿಳಿಯದು. ಆಗಾಗ ಅಕ್ಕನ ಮನೆಗೆ ಬಂದರೆ ಅವನಿಲ್ಲದ ಹೊತ್ತು ನೋಡಿ ಅಜ್ಜಿಯನ್ನು ಕಂಡು ಹೋಗುತ್ತಿದ್ದಳು.

ಒಪ್ಪಿಕೊಂಡ ಕೆಲಸವನ್ನು ಮಾತ್ರ ಬಿಡಲಿಲ್ಲ. ವಿಡಿಯೋದ ಎರಡನೆಯ ಭಾಗಕ್ಕೆ ಅಕ್ಷರ ಕೂರಿಸುತ್ತಿದ್ದಾಗ, ಒಂದು ಭಾನುವಾರ, ಅವಳ ಕೈ ತಾನಾಗಿ ನಿಂತಿತು.

ಅಜ್ಜಿ ಅಲ್ಬೇನಿಯಾದಲ್ಲಿ ತಮ್ಮನ್ನು ಕಾಪಾಡಿದ ಮುಸ್ಲಿಂ ಹೆಂಗಸಿನ ಬಗ್ಗೆ ಹೇಳುತ್ತಿದ್ದರು. ಹೆಸರು ಹಾತಿಜೆ. ಅವಳು ಮಗುವನ್ನು ತಂಗಿಯ ಮಗಳೆಂದು ಊರಿಗೆ ಹೇಳಿದ್ದಳು. ಹೆಸರನ್ನೂ ಬದಲಿಸಿ ‘ಹಾನಾ’ ಎಂದು ಕರೆದಳು. ಲೂನಾ ಎಂದರೆ ಚಂದ್ರ. ಅಲ್ಲಿನವರ ಭಾಷೆಯಲ್ಲಿ ಹಾನಾ ಎಂದರೂ ಚಂದ್ರನೇ. ಮಗು ಮೊದಮೊದಲು ಮನೆಯೊಳಗೆ ಕೂರುತ್ತಿರಲಿಲ್ಲ. ಕಲ್ಲಿನ ಗೋಡೆಯ ಬಳಿ ನಿಂತು ಬಂದ ದಾರಿಯನ್ನೇ ನೋಡುತ್ತಿತ್ತು.

“ಪ್ರತಿ ಸಂಜೆ ಹಾತಿಜೆ ಬಾಗಿಲಲ್ಲಿ ನಿಂತು ಕೂಗೋಳು,” ಎಂದರು ಪರದೆಯ ಮೇಲಿನ ಅಜ್ಜಿ. “ಹಾನಾ, ಬಾ! ಒಂದು ದಿನವೂ ತಪ್ಪಿಸಲಿಲ್ಲ. ನನ್ನ ತಾಯಿ ಹೇಳದೆ ಬಿಟ್ಟದ್ದನ್ನು ಅವಳು ಹೇಳಿದಳು.”

ಸುಮೈರಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

ಮೊದಲೇ ತಾಯಿಯ ಬಾಯಲ್ಲಿ ನಾನು ‘ಬಾ’ ಇಟ್ಟುಬಿಟ್ಟರೆ... ಹಾತಿಜೆಗೆ ಏನು ಉಳಿಯುತ್ತದೆ?

ಅವನು ಹೇಳಿದ್ದೇ ಸರಿ! ‘ಹೋಗು’ ಎಂಬ ಮಾತು ಕೇಳಿಸಿಕೊಂಡವರ ಮೈಮೇಲೆ ಹೇಗೆ ಬೀಳುತ್ತದೆಂದು ಈಗ ಅವಳಿಗೂ ಗೊತ್ತಿತ್ತು. ಮರುಕ್ಷಣವೇ ನಾಚಿಕೆಯಾಯಿತು. ಆ ಮಗುವಿನ ನೋವಿನ ಪಕ್ಕ ನನ್ನದನ್ನು ಇಡಲು ನಾನ್ಯಾರು?

ಮೊದಲ ಭಾಗ ತೆರೆದು ‘ಹೋಗಿ ಬಾ, ಕಂದಾ’ ಎಂಬುದನ್ನು ಅಳಿಸಿದಳು. ‘ಹೋಗು.’ ಅಷ್ಟೇ. ಏನೂ ಬರೆಯದೆ ಫೈಲನ್ನು ಅವನಿಗೆ ಕಳಿಸಿದಳು.

‘ಸಿಕ್ಕಿತು’ ಎಂದು ಮಾತ್ರ ಉತ್ತರ ಬಂತು.

ಪ್ರದರ್ಶನ ಕೊಲಂಬಿಯಾದ ಸಮುದಾಯ ಭವನದಲ್ಲಿ, ಮಧ್ಯಾಹ್ನ ಊಟದ ನಂತರ ಇತ್ತು. ಕನ್ನಡ ಕ್ಲಾಸಿನ ಮಕ್ಕಳು, ಊರಿನಿಂದ ಬಂದಿದ್ದ ಅಜ್ಜಿ ತಾತಂದಿರು. ಎಂಬತ್ತೆಂಟರ ಲೂನಾ ಅಜ್ಜಿ ಮುಂದಿನ ಸಾಲಿನಲ್ಲಿ. ತೌಸಿಫ್ ಹಿಂದೆ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ನಿಂತಿದ್ದ. ಇನ್ನೂ ಸಣಕಲಾಗಿದ್ದ. ಕಣ್ಣು ಕೂಡಿತು. ಅವನೇ ಮೊದಲು ತಪ್ಪಿಸಿದ.

ಪರದೆಯ ಮೇಲೆ ‘ಹೋಗು’ ಮೂಡಿತು. ಮಾಯವಾಯಿತು. ಆಮೇಲೆ ಅಕ್ಷರವಿಲ್ಲದ ಆ ಉದ್ದನೆಯ ಮೌನ... ಚಿಪ್ಸ್ ತಿನ್ನುತ್ತಿದ್ದ ಮಕ್ಕಳ ಕೈ ಕೂಡ ನಿಂತಿತು.

ದೀಪ ಹತ್ತಿದಾಗ ಶಾಕಿರಾಳ ಮಗಳು ಆಮ್ನಾ ಎದ್ದು ನಿಂತಳು.

“ಅಜ್ಜಿ, ನಿಮ್ಮ ಅಮ್ಮ ಯಾಕೆ... ವೈ ಡಿಡಂಟ್ ಶೀ ಸೇ ‘ಬಾ’? ನನ್ನ ಅಮ್ಮ ಸ್ಕೂಲ್ ಬಸ್‌ಗೆ ಹೋಗುವಾಗ್ಲೂ ಹೇಳ್ತಾಳೆ.”

ಸುಮೈರಾ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿದಳು. ಅಜ್ಜಿಯ ಉತ್ತರವನ್ನು ಒಂದೊಂದೇ ಸಾಲು ಕನ್ನಡಕ್ಕೆ ತಂದಳು.

“ಬಾ ಅಂದಿದ್ರೆ ನಾನು ತಿರುಗಿ ನೋಡ್ತಿದ್ದೆ, ಮರಿ. ಬೀದಿಯ ಕೊನೆಯಲ್ಲಿ ಸೈನಿಕರಿದ್ದರು. ತಿರುಗಿ ನೋಡೋ ಮಗು ಯಾರದು ಅಂತ ಅವರಿಗೆ ಗೊತ್ತಾಗಿಬಿಡ್ತಿತ್ತು.”

“ಅಮ್ಮ ಮತ್ತೆ ಸಿಕ್ಕಿದ್ರಾ?”

“ಇಲ್ಲ.”

ಆಮ್ನಾ ನಡೆದು ಬಂದು ಅಜ್ಜಿಯ ತೊಡೆಗೆ ಒರಗಿ ನಿಂತಳು. ಅವಳಿಗೆ ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಅಜ್ಜಿ ಅವಳ ತಲೆಯ ಮೇಲೆ ಕೈಯಿಟ್ಟರು.

ಜನ ಸಮೋಸಾ ಟೇಬಲ್ಲಿನ ಕಡೆ ಸರಿದ ಮೇಲೆ ಅಜ್ಜಿ ಕೋಲು ಎತ್ತಿ ಇಬ್ಬರನ್ನೂ ಕರೆದರು. ಅವರ ಇಂಗ್ಲಿಷಿನಲ್ಲಿ ಈಗ ಗದರಿಕೆಯಿತ್ತು.

“ಒಂದು ವರ್ಷದಿಂದ ಒಬ್ಬರು ಬಂದರೆ ಇನ್ನೊಬ್ಬರು ಬರಲ್ಲ. ಏನಾಗಿದೆ ನಿಮಗೆ?”

ತಡೆಯಲಾಗದೆ ಸುಮೈರಾ ಅಂದುಬಿಟ್ಟಳು. “ಇವನು ನನಗೂ ಅದೇ ಮಾತು ಹೇಳಿ ಕಳಿಸಿದ, ಅಜ್ಜಿ. ಗೋ ಅಂತ.”

ತೌಸಿಫ್ ನೆಲ ನೋಡಿದ. “ಬಾ ಅಂದಿದ್ರೆ ಅವಳು ಹೋಗ್ತಿರಲಿಲ್ಲ. ಇಲ್ಲೇ ಕಾದು, ವೀಸಾ ಕಳ್ಕೊಂಡು, ವಾಪಸ್ ಹೋಗಬೇಕಾಗ್ತಿತ್ತು. ನನ್ನಿಂದ ಅವಳ ದಾರಿ ಹಾಳಾಗೋದು ಬೇಡ ಅಂತ... ನಿಮ್ಮ ತಾಯಿ ಥರ...”

“ನನ್ನ ತಾಯಿ ಥರ!” ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದರು. “ನನ್ನ ತಾಯಿಯ ಮುಂದೆ ಸೈನ್ಯ ನಿಂತಿತ್ತು. ನಿನ್ನ ಮುಂದೆ ಏನಿತ್ತಪ್ಪಾ? ಐ-95 ಹೈವೇ!”

ಸುಮೈರಾಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು. ತೌಸಿಫ್‌ನ ಕಿವಿ ಕೆಂಪಾಯಿತು, ಅದೇ ಬುರೇಕಿನ ದಿನದಂತೆ.

“ಅವಳಿಗೆ ಹೇಳಲು ಆಗಲಿಲ್ಲ. ನಿನಗೆ ಆಗುತ್ತಿತ್ತು,” ಎಂದರು ಅಜ್ಜಿ, ಈಗ ಮೆತ್ತಗೆ. “ಅದು ಸಣ್ಣ ವ್ಯತ್ಯಾಸ ಅಲ್ಲ.”

ಪಾರ್ಕಿಂಗ್ ಲಾಟಿನವರೆಗೆ ಇಬ್ಬರೂ ನಡೆದರು. ಇಳಿಬಿಸಿಲು ಕಾರುಗಳ ಗಾಜಿನ ಮೇಲೆ ಬಿದ್ದಿತ್ತು.

“ನೀನು ಆ ‘ಬಾ’ ಅಳಿಸಿ ಕಳಿಸಿದಾಗ...” ತೌಸಿಫ್ ಮಾತು ಹುಡುಕಿದ. “ನನಗೆ ಉತ್ತರ ಸಿಕ್ಕಿತು ಅಂದ್ಕೊಂಡೆ. ಇನ್ನು ಬರಲ್ಲ ಅಂತ ಹೇಳಿದೀಯ ಅಂತ.”

“ಅಯ್ಯೋ ಹುಚ್ಚಾ! ಅದು ಹಾತಿಜೆಗೋಸ್ಕರ ಅಳಿಸಿದ್ದು. ‘ಬಾ’ ಅವಳ ಮಾತು, ಅವಳಿಗೇ ಇರಲಿ ಅಂತ.”

“ಗೊತ್ತಾಯ್ತು. ಇವತ್ತು ಎಲ್ಲರ ಜೊತೆ ಕೂತು ನೋಡಿದಾಗ.”

“ಒಂದು ವರ್ಷ ತೌಸಿಫ್... ಒಂದು ಫೋನ್?”

“ಪ್ರತಿ ಶನಿವಾರ ಅಜ್ಜಿ ಎರಡು ತಟ್ಟೆ ಹಾಕ್ತಿದ್ರು. ನಿನ್ನ ಪಾಲಿನದೂ ನಾನೇ ತಿಂದೆ.” ತಡೆದು ಹೇಳಿದ, “ರುಚಿ ಇರ್ಲಿಲ್ಲ.”

ಇವನ ಪ್ರೀತಿಗೆ ಇಷ್ಟೇ ಮಾತು. ಇಷ್ಟು ಸಾಕೇ? ಸುಮೈರಾ ತನ್ನನ್ನೇ ಕೇಳಿಕೊಂಡಳು. ಸಾಲದು. ಆದರೆ ಇನ್ನೊಂದೇ ಒಂದು ಪದ ಸಿಕ್ಕರೆ... ಸಾಕು.

“ನಾಳೆ ಬೆಳಿಗ್ಗೆ ಆಫೀಸಿದೆ. ಹೊರಡಬೇಕು.” ಕಾರಿನ ಬಾಗಿಲು ತೆರೆದು ಅವನ ಕಡೆ ತಿರುಗಿದಳು. ಅಂದಳು, “ಹೋಗಿ ಬರ್ತೀನಿ.”

ಮತ್ತೆ ಅದೇ ಮೌನ. ಆದರೆ ಈ ಸಲ ಅವನು ಬೀಗದ ಕೈಯನ್ನು ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದ.

“ಬಾ,” ಎಂದ.

“ಬರೀ ‘ಬಾ’ನಾ? ಇನ್ನರ್ಧ ಎಲ್ಲಿ?”

“ಅದನ್ನ ಹೋದ ವರ್ಷವೇ ಹೇಳಿ ಆಗಿದೆಯಲ್ಲ.” ಅವನ ಕಣ್ಣು ತುಂಬಿತ್ತು. “ಶುಕ್ರವಾರ ನಾನೇ ಅಲ್ಲಿಗೆ ಡ್ರೈವ್ ಮಾಡ್ತೀನಿ. ನಿಮ್ಮ ಅಮ್ಮಿ ನಂಬರ್ ಕೊಡು. ಚಪ್ಪಲಿ ತಗೊಂಡ್ರೂ ಪರವಾಗಿಲ್ಲ, ಮಾತಾಡ್ತೀನಿ.”

ಅವಳು ಅವನ ಅಂಗಿಯ ತೋಳನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ನಿಂತಳು. ಆಮೇಲೆ ಬಿಟ್ಟು ಕಾರು ಹತ್ತಿದಳು. ಕಾರು ತಿರುವಿನಲ್ಲಿ ನಿಧಾನವಾದಾಗ ತಿರುಗಿ ನೋಡಿದಳು. ಅವನು ಅಲ್ಲೇ ನಿಂತಿದ್ದ, ಕೈ ಎತ್ತಿ.

‘ಹೋಗು’ ಎಂಬ ಮಾತನ್ನು ತೌಸಿಫ್ ಅಂದು ಹೇಳಲಿಲ್ಲ. ಆಮೇಲೆ ಎಂದೂ ಹೇಳಲಿಲ್ಲ.