ಗಂಗೆಪೂಜೆಗೆ ತಂದ ಹವಳ

ನೀರಿನೊಳಗೆ ಅವನು ಮಣಿಕಟ್ಟು ಹಿಡಿದಾಗ ಸರ್ವಮಂಗಳೆಯ ಎದೆ ಒಂದು ಕ್ಷಣ ನಿಂತೇ ಹೋಯಿತು!

ಜಯನಗರದ ಈಜುಕೊಳ. ಹನ್ನೆರಡು ಅಡಿ ಆಳ. ಬೆನ್ನಿಗೆ ಗಾಳಿಯ ಸಿಲಿಂಡರ್, ಬಾಯಲ್ಲಿ ರಬ್ಬರಿನ ನಳಿಗೆ. ಖುಷಿ ತಡೆಯಲಾರದೆ ಅವಳು ಹೆಬ್ಬೆರಳೆತ್ತಿ ತೋರಿಸಿದ್ದಳು, ಅಷ್ಟೇ. ಅವನು ಅವಳನ್ನು ಸೀದಾ ಮೇಲಕ್ಕೆ ಕರೆತಂದುಬಿಟ್ಟ.

"ಏನಾಯ್ತು ಮೇಡಂ? ಉಸಿರು ಕಟ್ತಾ?"

"ಇಲ್ವಲ್ಲಾ! ಸಖತ್ತಾಗಿದೆ ಅಂತ ತೋರಿಸ್ದೆ."

"ನೀರೊಳಗೆ ಹೆಬ್ಬೆರಳೆತ್ತಿದ್ರೆ ಮೇಲಕ್ಕೆ ಹೋಗೋಣ ಅಂತ. ಕ್ಲಾಸಲ್ಲಿ ಹೇಳಿದ್ನಲ್ಲ... ಆಗ ನೀವು ಫೋನ್ ನೋಡ್ತಿದ್ರಿ."

ಅವಳ ಕಿವಿ ಬಿಸಿಯಾಯಿತು. "ಹಂಗಾದ್ರೆ ಏನೋ ಸರಿಯಿಲ್ಲ ಅನ್ನೋಕೆ?"

ಅವನು ಅಂಗೈ ಕೆಳಗೆ ಮಾಡಿ ಆಚೀಚೆ ತೂಗಿಸಿದ. "ಹೀಗೆ. ಆಮೇಲೆ ಎಲ್ಲಿ ತೊಂದರೆ ಅಂತ ಬೆರಳು ತೋರಿಸ್ಬೇಕು. ಕಿವಿನಾ, ಗಾಳಿನಾ... ಮುಚ್ಚಿಟ್ಕೊಂಡ್ರೆ ಪಕ್ಕದಲ್ಲಿರೋನಿಗೂ ಅಪಾಯ."

ಆ ಮಾತು ಆಗ ಅವಳಿಗೆ ಪಾಠದ ಒಂದು ಸಾಲಾಗಿ ಮಾತ್ರ ಕೇಳಿಸಿತ್ತು.

ಅವನ ಹೆಸರು ವೇಣು. ಜೆ.ಪಿ. ನಗರದ ಡೈವಿಂಗ್ ಕಂಪನಿಯೊಂದರಲ್ಲಿ ತರಬೇತುದಾರ. ವಾರವಿಡೀ ಕೊಳದಲ್ಲಿ ಕಲಿಸಿ, ಶನಿವಾರ ಬಂತೆಂದರೆ ಶಿಷ್ಯರನ್ನು ಮುರುಡೇಶ್ವರಕ್ಕೆ ಕರೆದೊಯ್ದು, ಅಲ್ಲಿಂದ ದೋಣಿಯಲ್ಲಿ ಹವಳದ ದ್ವೀಪಕ್ಕೆ. ಸರ್ವಮಂಗಳಾ ವಸಂತಪುರದವಳು, ಜಯನಗರದ ಕ್ಲಿನಿಕ್ಕೊಂದರಲ್ಲಿ ಫಿಸಿಯೋಥೆರಪಿಸ್ಟ್. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಅಪ್ಪ ಬೈರಣ್ಣನ ನಾಲ್ಕು ಬಾಡಿಗೆ ಕಟ್ಟಡಗಳು ಬೆಳೆದು ನಿಂತಿದ್ದವು.

ಎರಡು ತಿಂಗಳಲ್ಲಿ 'ಮೇಡಂ' ಹೋಗಿ 'ಮಂಗಳಾ' ಬಂತು. ಬನಶಂಕರಿ ಬಸ್ ಸ್ಟ್ಯಾಂಡಿನ ಎದುರಿನ ದರ್ಶಿನಿಯಲ್ಲಿ ಬೈಟು ಕಾಫಿ ಕುಡಿಯುತ್ತಾ ಅವನು ಕಂಪನಿಯ ಮಾಲೀಕ ನರೇಂದ್ರನ ಮೇಲೆ ಸಿಡಿಯುತ್ತಿದ್ದ.

"ದಿನಕ್ಕೆ ಅರವತ್ತು ಜನ ಇಳಿಸು ಅಂತಾನೆ! ಇಪ್ಪತ್ತಕ್ಕಿಂತ ಜಾಸ್ತಿ ಆದ್ರೆ ಆ ಹವಳ ತಡ್ಕೊಳಲ್ಲ. ಒಬ್ಬರ ಕಾಲು ತಾಗಿದ್ರೆ ಸಾಕು, ಹತ್ತು ವರ್ಷ ಬೆಳೆದಿದ್ದು ಮುರಿಯತ್ತೆ."

"ಹಂಗಾದ್ರೆ ಡೈವಿಂಗೇ ನಿಲ್ಲಿಸ್ಬಿಡಿ."

"ನಿಲ್ಲಿಸಿದ್ರೆ ದೋಣಿಯವರು ಏನು ತಿಂತಾರೆ? ದೊಡ್ಡ ಟ್ರಾಲರ್‌ಗಳು ಮೀನು ಬಾಚ್ಕೊಂಡು ಹೋದ್ಮೇಲೆ ಅವರಿಗೆ ಉಳಿದಿರೋದು ಇದೇ. ದ್ವೀಪನೂ ಉಳೀಬೇಕು, ಒಲೆನೂ ಉರೀಬೇಕು ಮಂಗಳಾ."

ಆ ಕಣ್ಣಿನ ಬೆಂಕಿ ನೋಡುತ್ತಾ ಕೂತವಳ ಕಾಫಿ ಆರಿಹೋಗುತ್ತಿತ್ತು.

ಕೊನೆಗೂ ಸಮುದ್ರಕ್ಕೆ ಹೋಗುವ ದಿನ ಬಂತು. ಮನೆಯಲ್ಲಿ ಚಿಕ್ಕಪ್ಪನ ಮಗಳು ಶಾಲಿನಿಯ ಮದುವೆ ಹತ್ತಿರವಿತ್ತು. ಹೊರಡುವಾಗ ಅಜ್ಜಿ ನಾರಾಯಣಮ್ಮ ಕೈ ಹಿಡಿದು ಹೇಳಿದ್ದರು:

"ಗಂಗೆಪೂಜೆಗೆ ಮೂರು ಕಲ್ಲು ಬೇಕಲ್ಲವ್ವಾ. ನೀರಲ್ಲಿರೋ ಕಲ್ಲೇ ಆಗ್ಬೇಕು. ನಮ್ ಕೆರೆ ಎಲ್ಲೈತೆ ಈಗ? ಒಂದಾದ್ರೂ ಸಮುದ್ರದಿಂದ ತತ್ತಾ."

ಕೆರೆ ಎಲ್ಲಿದೆ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪ ಮಾರಿದ ಸೈಟುಗಳ ಕೆಳಗಿತ್ತು.

ಮುರುಡೇಶ್ವರದಲ್ಲಿ ದೋಣಿಯ ಯಜಮಾನ ಜಟ್ಟಪ್ಪ ನಗುತ್ತಾ ಕೈಕೊಟ್ಟು ಹತ್ತಿಸಿಕೊಂಡ. "ಬನ್ನಿ ಅಕ್ಕಾ, ಮೀನು ಕಮ್ಮಿ ಆದ ಮೇಲೆ ನೀವೇ ನಮ್ಮ ಮೀನು!"

ವೇಣು ಎಲ್ಲರನ್ನೂ ಸಾಲಾಗಿ ಕೂರಿಸಿ ಹೇಳಿದ: "ಏನನ್ನೂ ಮುಟ್ಟಬೇಡಿ. ಏನನ್ನೂ ತರಬೇಡಿ."

ಅವಳು ತಲೆಯಾಡಿಸಿದಳು. ಕೇಳಿಸಿಕೊಂಡೇ ತಲೆಯಾಡಿಸಿದಳು...

ಆದರೂ ಕೆಳಗೆ, ಹಸಿರು ಬೆಳಕಿನಲ್ಲಿ, ಮುಷ್ಟಿಯಷ್ಟು ದೊಡ್ಡ ಕಂದು ಕಲ್ಲೊಂದು ಅವಳಿಗೆ ಕಂಡಿತು. ಇಷ್ಟೊಂದು ಕಲ್ಲಿನಲ್ಲಿ ಒಂದು ಹೋದರೆ ಏನಾಗತ್ತೆ? ದೇವರಿಗೆ ತಾನೇ! ವೇಣು ಬೇರೊಬ್ಬರ ಈಜುಕನ್ನಡಕ ಸರಿಪಡಿಸುತ್ತಿದ್ದಾಗ ಹಿಡಿದು ತಿರುಚಿದಳು. ಅದು ಸುಲಭಕ್ಕೆ ಬಿಡಲಿಲ್ಲ. ಎರಡನೇ ಸಲ ತಿರುಚಿದಾಗ ಲಟಕ್ಕೆಂದು ಮುರಿಯಿತು. ಜಾಕೆಟ್ಟಿನ ಜೇಬಿಗೆ ಹೋಯಿತು.

ಅದೇ ಸಂಜೆ ದಡದಲ್ಲಿ ಅವನು ತಡವರಿಸುತ್ತಾ ಕೇಳಿದ: "ಮಂಗಳಾ... ಇನ್ಮೇಲೂ ನನ್ನ ಜೊತೆ ಬರ್ತೀಯಾ? ಡೈವಿಂಗಿಗೆ ಮಾತ್ರ ಅಲ್ಲ."

"ಬರ್ತೀನಿ," ಎಂದಳು. ಜೇಬು ಭಾರವಾಗಿತ್ತು.

ಮರುದಿನ ಗಂಗೆಪೂಜೆ ಚೆನ್ನಾಗಿಯೇ ಆಯಿತು. ಹಿತ್ತಾಳೆ ತಟ್ಟೆಯಲ್ಲಿ ಮೂರು ಕಲ್ಲು, ಅರಿಶಿನ, ಕುಂಕುಮ, ಹಸಿರು ಬಳೆ. ಶಾಲಿನಿ ಫೋಟೋ ತೆಗೆದು 'ಸಮುದ್ರದ ಗಂಗಮ್ಮ' ಎಂದು ಸ್ಟೇಟಸ್ ಹಾಕಿದಳು.

ಮೂರನೆಯ ದಿನ ದೇವರ ಮನೆ ನಾರತೊಡಗಿತು.

ಅಜ್ಜಿ ಊದುಬತ್ತಿ ಹಚ್ಚಿದರು. ಇನ್ನೊಂದು ಹಚ್ಚಿದರು. ಸರ್ವಮಂಗಳಾ ಕಲ್ಲನ್ನು ಮೂಗಿನ ಹತ್ತಿರ ಹಿಡಿದಳು... ಸತ್ತ ಮೀನಿನ ವಾಸನೆ! ಅರಿಶಿನದ ಕೆಳಗಿನಿಂದ ಲೋಳೆ ಇಳಿಯುತ್ತಿತ್ತು.

ಅದು ಕಲ್ಲಾಗಿರಲಿಲ್ಲ. ಜೀವವಿತ್ತು. ಪೂಜೆ ನಡೆಯುವಾಗ ಅದು ಅವರೆಲ್ಲರ ಕಣ್ಣೆದುರೇ ಸತ್ತಿತ್ತು.

ಶಾಲಿನಿ ಸ್ಟೇಟಸ್ ಅಳಿಸುವಷ್ಟರಲ್ಲಿ ಫೋಟೋ ಊರೆಲ್ಲ ಹರಿದಾಡಿತ್ತು. ತಟ್ಟೆಯಷ್ಟೇ ಕಾಣುತ್ತಿತ್ತು, ಮನೆಯವರ ಹೆಸರಿರಲಿಲ್ಲ. ಬೆಂಗಳೂರಿನ ಪ್ರವಾಸಿಗರು ಹವಳ ಕದ್ದರೆಂದು ದೂರು ಹೋಯಿತು. ವೇಣುವಿನ ಬ್ಯಾಚು ಇಳಿದಿದ್ದ ಕಡೆಯೇ ಮುರಿದ ಜಾಗವೂ ಸಿಕ್ಕಿತು. ಕದ್ದವರು ಯಾರೆಂದು ತಿಳಿಯುವ ತನಕ ದ್ವೀಪಕ್ಕೆ ಯಾರೂ ಇಳಿಯಕೂಡದೆಂದು ಅಧಿಕಾರಿಗಳು ಆದೇಶಿಸಿದರು. ಮೂವತ್ತು ದೋಣಿಗಳು ದಡ ಸೇರಿದವು.

"ನನ್ನ ಬ್ಯಾಚು, ನನ್ನ ತಪ್ಪು," ಎಂದು ಬರೆದುಕೊಟ್ಟ ವೇಣು ಮತ್ತೇನೂ ಹೇಳಲಿಲ್ಲವಂತೆ. ನರೇಂದ್ರ ಅವನನ್ನು ಕೆಲಸದಿಂದ ಬಿಡಿಸಿದ. ತರಬೇತುದಾರನ ಕಾರ್ಡನ್ನೂ ರದ್ದು ಮಾಡಲು ಜಯನಗರದಲ್ಲಿ ಡೈವಿಂಗ್ ಸಂಘದ ಸಭೆ ಗೊತ್ತಾಯಿತು.

ಅವನು ಫೋನ್ ಮಾಡಲಿಲ್ಲ. ಅವನಿಗೆ ಗೊತ್ತಾಗಿದೆ... ನನ್ನ ಮುಖ ನೋಡೋಕೂ ಅಸಹ್ಯ. ಅವಳೂ ಮಾಡಲಿಲ್ಲ. ನಂಬರು ತೆಗೆಯುವಳು, ಬೆವೆತ ಬೆರಳು ಪರದೆಯ ಮೇಲೇ ನಿಲ್ಲುವುದು. ಕ್ಲಿನಿಕ್ಕಿನಲ್ಲಿ ರೋಗಿಯೊಬ್ಬರು "ಥೂ, ಎಂಥಾ ಜನ ಇರ್ತಾರೆ ನೋಡಿ" ಎಂದು ಆ ಸುದ್ದಿ ತೋರಿಸಿದಾಗ "ಹೌದು ಆಂಟಿ" ಎಂದಳು. ಆ ಎರಡು ಪದ ಹೇಳಿದ ಬಾಯನ್ನು ಮನೆಗೆ ಬಂದು ಎಷ್ಟು ತೊಳೆದರೂ ಸಾಲಲಿಲ್ಲ. ಹೀಗೇ ನಲವತ್ತು ದಿನ!

ಸಭೆಯ ಹಿಂದಿನ ದಿನ ಅಜ್ಜಿಯ ಮುಂದೆ ಕೂತು ಎಲ್ಲ ಹೇಳಿದಳು.

"ವೇಣು ಅಂದ್ರೆ ಯಾರ ಮಗ?"

"ಮುನಿಯಣ್ಣ ಅನ್ನೋರ ಮಗ ಅಂತೆ. ಮೊದಲು ನಮ್ಮೂರಲ್ಲೇ ಇದ್ರಂತೆ. ಈಗ ಬನಶಂಕರಿಲಿದಾರೆ. ಮನೇಲಿ ಬುದ್ಧನ ಪಟ ಇದೆ."

"ಓ, ಮುನಿಯಣ್ಣ! ನಮ್ ಬಾವಿಗೆ ಬಿದ್ದ ಕೊಡ ಅವನೇ ಮುಳುಗಿ ಎತ್ಕೊಡ್ತಿದ್ದ. ಹೂಳೂ ಅವನೇ ತೆಗೀತಿದ್ದ."

"ಆ ಬಾವಿ ನೀರು ಅವರಿಗೆ ಕೊಡ್ತಿದ್ರಾ ಅಜ್ಜಿ?"

ಅಜ್ಜಿ ಸೆರಗು ಸರಿಮಾಡಿಕೊಂಡರು. "ಅವ್ನು ಮೇಲೆ ಬಂದ್ಮೇಲೆ ಬಾವಿಗೆ ಗಂಜಲ ಹಾಕಿಸ್ತಿದ್ವಿ. ಆಗಿನ ಕಾಲ ಬಿಡವ್ವಾ... ಈಗ ನೀನ್ಯಾಕೆ ಬಾಯಿ ಬಿಡ್ತೀಯ? ಆ ಹುಡುಗನೇ ತಪ್ಪು ಒಪ್ಕೊಂಡವ್ನಲ್ಲ. ಅವನ ಹೆಸರಲ್ಲೇ ಹೋಗ್ಲಿ."

ಸರ್ವಮಂಗಳಾ ಎದ್ದು ನಿಂತಳು. ಮುಳುಗಲು ಅವರು ಬೇಕು. ಮೇಲೆ ಬಂದ ಮೇಲೆ ಮೈಲಿಗೆಯೂ ಅವರದ್ದೇ, ತಪ್ಪೂ ಅವರದ್ದೇ! ಅಜ್ಜಿ ಬಾಯಲ್ಲಿ ಹೇಳಿದ್ದನ್ನು ನಾನು ನಲವತ್ತು ದಿನ ಮಾಡಿ ತೋರಿಸಿದ್ದೇನಲ್ಲ...

ಭಾನುವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಅರಣ್ಯ ಇಲಾಖೆಯ ಅಧಿಕಾರಿ, ಸಂಘದವರು, ಪಕ್ಕದಲ್ಲಿ ನರೇಂದ್ರ. ಕೊನೆಯ ಸಾಲಿನಲ್ಲಿ ರಾತ್ರಿ ಬಸ್ಸಿನಲ್ಲಿ ಬಂದಿದ್ದ ಜಟ್ಟಪ್ಪ. ವೇಣು ಆರೋಪಿಯಂತೆ ಒಬ್ಬನೇ ನಿಂತಿದ್ದ.

"ಕಾರ್ಡು ರದ್ದು ಮಾಡೋದಕ್ಕೆ ಯಾರದ್ದಾದ್ರೂ ಆಕ್ಷೇಪಣೆ ಇದ್ಯಾ?"

"ಇದೆ!"

ಅವಳು ಎದ್ದಳು. ಎಲ್ಲರೂ ತಿರುಗಿ ನೋಡುತ್ತಿದ್ದರು. ವೇಣುವೂ...

ಅವನನ್ನೇ ನೋಡುತ್ತಾ ಅವಳು ಅಂಗೈ ಕೆಳಗೆ ಮಾಡಿ ಆಚೀಚೆ ತೂಗಿಸಿದಳು. ಆಮೇಲೆ ಬೆರಳನ್ನು ತನ್ನ ಎದೆಗೇ ತೋರಿಸಿಕೊಂಡಳು.

ಅವನ ಮುಖ ಕದಡಿತು. ಅವಳು ವೇದಿಕೆಯತ್ತ ನಡೆದಳು.

"ಹವಳ ಮುರಿದಿದ್ದು ನಾನು. ಮುಟ್ಟಬೇಡಿ ಅಂತ ಇವರು ಹೇಳಿದ್ರು, ನಾನು ಕೇಳಿಸ್ಕೊಂಡಿದ್ದೆ. ನಾವೇ ನಮ್ಮೂರ ಕೆರೆ ಮುಚ್ಚಿ ಸೈಟು ಮಾಡಿದ್ವಿ. ಪೂಜೆಗೆ ಕಲ್ಲು ಸಿಗಲಿಲ್ಲ ಅಂತ ಇನ್ನೊಬ್ಬರ ಸಮುದ್ರಕ್ಕೆ ಕೈ ಹಾಕಿದೆ." ಅರಿಶಿನದ ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟಳು. ಒಳಗೆ ಬಿಳಿಚಿದ ಹವಳ, ಒಣ ಮೂಳೆಯ ಹಾಗೆ.

"ಕೇಸಾಗತ್ತಮ್ಮ, ಗೊತ್ತಾ?" ಎಂದರು ಅಧಿಕಾರಿ.

"ಗೊತ್ತು ಸಾರ್."

ನರೇಂದ್ರ ಜಿಗಿದೆದ್ದ. "ನೋಡಿದ್ರಾ ಸಾರ್, ಒಬ್ಬರ ತಪ್ಪು! ನಾಳೆಯಿಂದಾನೇ ಶುರು ಮಾಡಿ. ದಿನಕ್ಕೆ ಅರವತ್ತು..."

"ಕೂತ್ಕಳ್ಳಿ ಸಾಹೇಬ್ರೇ!" ಜಟ್ಟಪ್ಪ ಎದ್ದಿದ್ದ. "ಹವಳ ಸತ್ತ್ರೆ ಮೀನೂ ಇಲ್ಲ, ನಿಮ್ಮ ಜನಾನೂ ಬರೂದಿಲ್ಲ. ಈ ಹುಡ್ಗ ಹೇಳಿದಾಂಗೆ ಇಪ್ಪತ್ತೇ ಜನ. ಕಾಯೂದು ನಮ್ಮ ದೋಣಿಯವರೇ. ನಲವತ್ತು ದಿನ ನಮ್ಮ ಒಲೆ ಹೆಂಗೆ ಉರೀತು ಅಂತ ಇಲ್ಲಿ ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಸರ್ವಮಂಗಳಾ ಅವನ ಮುಂದೆ ಕೈಮುಗಿದಳು. "ಅಣ್ಣಾ, ತಪ್ಪಾಯ್ತು." ಅವನು "ಸರಿ" ಎನ್ನಲಿಲ್ಲ. "ಒಂದ್ಸಲ ಬಂದು ನಮ್ಮ ಹೆಂಗಸ್ರ ಹತ್ರ ಇದೇ ಮಾತು ಹೇಳಿ ಹೋಗಕ್ಕಾ," ಎಂದ.

ಅವಳ ಹೇಳಿಕೆ ಬರೆದುಕೊಂಡ ಅಧಿಕಾರಿ, ದ್ವೀಪ ತೆರೆಯುವುದಾದರೆ ಇಪ್ಪತ್ತೇ ಜನರೆಂದು ವರದಿಯಲ್ಲಿ ಸೇರಿಸುವುದಾಗಿ ಹೇಳಿದರು. ವೇಣುವಿನ ಕಾರ್ಡು ಉಳಿಯಿತು.

ಹೊರಗೆ ಮೆಟ್ಟಿಲ ಮೇಲೆ ಅವನು ನಿಂತಿದ್ದ.

"ನಿನಗೆ ಯಾವಾಗ ಗೊತ್ತಾಯ್ತು?" ನೆಲ ನೋಡುತ್ತಾ ಕೇಳಿದಳು.

"ಫೋಟೋ ನೋಡಿದ ದಿನವೇ. ಮೂರು ಕಲ್ಲಿನ ಪೂಜೆ ಬಗ್ಗೆ ನೀನೇ ಹೇಳಿದ್ಯಲ್ಲ, ಕಾಫಿ ಕುಡೀತಾ."

"ಮತ್ಯಾಕೆ ನನ್ನ ಹೆಸರು ಹೇಳಲಿಲ್ಲ? ಯಾಕೆ ಫೋನ್ ಮಾಡಲಿಲ್ಲ?"

"ಮಾಡಿದ್ರೆ ಹೇಳು ಅಂತ ಬಲವಂತ ಮಾಡ್ದಂಗಾಗತ್ತೆ ಅನ್ನಿಸ್ತು. ನೀನಾಗೇ ಹೇಳ್ತೀಯ ಅಂತ ಕಾದೆ. ಆಮೇಲೆ... ನಮ್ಮಂಥೋನಿಗೋಸ್ಕರ ನಿಮ್ಮನೆಯವರು ನಿನ್ನನ್ನ ಯಾಕೆ ಬಿಟ್ಟುಕೊಡ್ತಾರೆ ಅಂದ್ಕೊಂಡೆ." ಅವನು ಕಣ್ಣು ಒರೆಸಿಕೊಂಡ. "ಮೂವತ್ತು ದೋಣಿ ದಡದಲ್ಲಿವೆ ಅಂತ ಗೊತ್ತಿದ್ದೂ ನಿನ್ನ ಹೆಸರು ನುಂಗ್ಕೊಂಡೆ ಮಂಗಳಾ. ಜಟ್ಟಪ್ಪಣ್ಣನ ಮುಖ ನೋಡೋಕೆ ನನಗೂ ನಾಚಿಕೆ ಆಗತ್ತೆ."

"ನಾನು ಆ ಹೆಂಗಸರ ಹತ್ರ ಹೋಗ್ಬೇಕು."

"ಬೈತಾರೆ."

"ಬೈಸ್ಕೊಳ್ತೀನಿ. ಅದಕ್ಕೂ ಮುಂಚೆ ನಿಮ್ಮಪ್ಪನ ಹತ್ರ ಹೋಗ್ಬೇಕು. ನಮ್ಮ ಬಾವಿ ವಿಷಯ... ಕ್ಷಮಿಸಿ ಅನ್ನೋಕಲ್ಲ. ಅವರ ಮನೇಲಿ ಒಂದು ಲೋಟ ನೀರು ಕೇಳ್ತೀನಿ. ಕೊಡ್ತಾರಾ?"

ವೇಣು, ಕೊಳದಲ್ಲಿ ಹಿಡಿದಿದ್ದ ಹಾಗೆಯೇ, ಅವಳ ಮಣಿಕಟ್ಟು ಹಿಡಿದುಕೊಂಡ.

"ಕೊಡದೇ ಇದ್ರೆ?"

"ನಾಳೆ ಮತ್ತೆ ಹೋಗ್ತೀನಿ."

"ಬಾ. ಬನಶಂಕರಿ ಬಸ್ಸು ಬಂತು."