ಅಳುವ ಪಾಳಿ

"ಅದನ್ನ ಮುಟ್ಟಬೇಡ ಕಣೋ ನೂಫೆ. ಈ ಮನೆಯ ಅಳುವೆಲ್ಲ ಅದರ ಹತ್ರ ಇದೆ," ಎಂದರು ದೊಡ್ಡಪ್ಪ ಓಲೊ.

ನೂಫೆ ನಕ್ಕ. ಹದಿನೈದು ವರ್ಷ ಕರಾವಳಿಯ ಕೋಕೋ ತೋಟಗಳಲ್ಲಿ ದುಡಿದು, ಹೆಂಡತಿ ಇನಿ ಮತ್ತು ಪುಟ್ಟ ಮಗಳೊಂದಿಗೆ ಗಾವುವಾ ಸೀಮೆಯ ಈ ಮಣ್ಣಿನ ಮನೆಗೆ ಮರಳಿ ಮೂರು ದಿನವಾಗಿತ್ತು. ಮಲಗಲು ಅವನಿಗೆ ಒಳಕೋಣೆ ಬೇಕಿತ್ತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ನಡುಹಗಲಲ್ಲೂ ಕಗ್ಗತ್ತಲು; ಹಳೆಯ ಕೋಳಿರಕ್ತದ, ಹುಳಿತ ಜೋಳದ ಹೆಂಡದ ವಾಸನೆ. ದೈವದ ಮರದ ಬೊಂಬೆಗಳು ಸಾಲಾಗಿ ನಿಂತಿದ್ದವು. ಒಂದು ಮಾತ್ರ ಕೆನ್ನೆಗೆ ಕೈಹಚ್ಚಿ ಕೂತಿತ್ತು. ಒಂದೇ ವರ್ಷ ಮನೆಯಲ್ಲಿ ಮೂರು ಹೆಣ ಬಿದ್ದಾಗ ಮನೆಯವರ ಬದಲು ಅಳಲೆಂದು ದೈವವೇ ಕೇಳಿ ಕೆತ್ತಿಸಿಕೊಂಡ ಬೊಂಬೆ ಅದು. ಆ ಮೂವರಲ್ಲಿ ನೂಫೆಯ ತಾಯಿಯೂ ಒಬ್ಬಳು. ಮಣ್ಣಿಗೂ ಅವನು ಬಂದಿರಲಿಲ್ಲ.

"ಮರ ಅಳುತ್ತಾ ದೊಡ್ಡಪ್ಪ? ಹಾಗಾದ್ರೆ ಮೂಗು ಒರೆಸೋಕೆ ಒಂದು ಬಟ್ಟೇನೂ ಕೊಡಿ ಅದಕ್ಕೆ!"

ಅಂಗಳದಲ್ಲಿ ಇನಿ ಹೆಂಡ ಕುದಿಸುತ್ತಿದ್ದಳು. ನೂಫೆ ಬೊಂಬೆಯನ್ನು ತಂದು ಒಲೆಗೆ ತುರುಕಿದ. ಅದು ಚಟಗುಟ್ಟಲಿಲ್ಲ. ಸುಯ್ಯೆಂದಿತು. ಒಣಮರದೊಳಗಿಂದ ನೀರು ಜಿನುಗಿತು. ಹೊಗೆ ನೇರ ಅವನ ಮುಖಕ್ಕೇ ಬಂತು.

ಹೊಗೆ ಆರಿತು. ಕಣ್ಣೀರು ಆರಲಿಲ್ಲ.

ಮರುದಿನ ಬಾವಿಯ ಬಳಿ ಹೆಂಗಸರು ಕೇಳಿದರು, "ಯಾರು ಸತ್ರೋ ನೂಫೆ?"

"ಯಾರೂ ಇಲ್ಲ," ಎಂದ, ಬಿಕ್ಕಳಿಸುತ್ತ. ಆದರೆ ಅವನ ಗಂಟಲಿನಿಂದ ಅವನದಲ್ಲದ ಗೋಳು ಹೊರಡುತ್ತಿತ್ತು. ಮುದುಕಿಯೊಬ್ಬಳ ದನಿ. ಆಮೇಲೆ ಮಗುವಿನ ದನಿ. ಅನ್ನ ಇಳಿಯಲಿಲ್ಲ. ರೆಪ್ಪೆ ಮುಚ್ಚಲಿಲ್ಲ.

ಐದನೆಯ ದಿನ ಅವನೇ ಓಡಿದ, ಕಣಿ ಹೇಳುವವನ ಬಳಿಗೆ. ಕಣಿಯವನು ಅವನ ಕೈಹಿಡಿದು ಬೀಸತೊಡಗಿದ. ಕೈ ನೂಫೆಯ ತೊಡೆಗೆ ಬಡಿದರೆ ದೈವ ಹೌದೆಂದಂತೆ.

"ಬೇರೆ ಬೊಂಬೆ ಕೆತ್ತಿಸ್ಲಾ?"

ಕೈ ಗಾಳಿಯಲ್ಲೇ ನಿಂತಿತು.

"ಕೋಳಿ ಬೇಕಾ? ಕುರಿ?"

ನಿಂತೇ ಇತ್ತು.

"ಮತ್ತೇನು... ನಾನಾ?"

ಬಡಿಯಿತು. ಮತ್ತೆ ಬಡಿಯಿತು. ತೊಡೆ ಕೆಂಪಾಯಿತು. ಬಿಡಿಸಿಕೊಳ್ಳಲು ಎಳೆದ. ಕಣಿಯವನು ಕೈಬಿಟ್ಟು ದೂರ ಸರಿದಿದ್ದ. ಕೈ ಬಡಿಯುತ್ತಲೇ ಇತ್ತು.

ಮನೆಗೆ ಬಂದವನು ಒಳಕೋಣೆಯಲ್ಲಿ ಆ ಬೊಂಬೆಯಿದ್ದ ಖಾಲಿ ಜಾಗದಲ್ಲಿ ಹೋಗಿ ಕೂತ. ಮತ್ತೆ ಏಳಲಾಗಲಿಲ್ಲ.

ಧೂಳುಗಾಳಿಯ ತಿಂಗಳಲ್ಲಿ ಮಗಳಿಗೆ ಜ್ವರ ಬಂತು. ಕತ್ತು ಸೆಟೆಯಿತು. ಮೂರೇ ದಿನ. ಇನಿ ಒಣಗಣ್ಣಲ್ಲಿ ಆ ಪುಟ್ಟ ಮೈ ತೊಳೆದಳು.

"ದೊಡ್ಡಪ್ಪ, ನನ್ಗೆ ಅಳೂನೇ ಬರ್ತಿಲ್ಲ. ನಾನೆಂಥಾ ತಾಯಿ?" ಎಂದಳು ಹೆದರಿ.

ಓಲೊ ಕೋಳಿಯೊಂದನ್ನು ಕೊಯ್ದು ಒಳಕೋಣೆಯ ಕತ್ತಲೊಳಗೆ ಹೋದರು. ಊಳಿಡುತ್ತಿದ್ದ ನೂಫೆಯ ನೆತ್ತಿಗೆ ರಕ್ತ ಹನಿಸಿ, ಮೇಲೆ ಗರಿ ಅಂಟಿಸಿದರು.

"ಹೊತ್ಕೋ ಮಗನೇ," ಎಂದರು ಮೆಲ್ಲಗೆ.

ಅಂದು ಸಂಜೆ ಮನೆಮಂದಿಯೆಲ್ಲ ಹೊಟ್ಟೆತುಂಬ ಉಂಡರು.